ಠಾಣೆಯ ಕಾಗದದಲ್ಲಿ ನಮ್ಮ ಮಾತು

ಎಲ್ಲರಿಗೂ ನಮಸ್ಕಾರ. ಇವತ್ತು ನನಗೆ ಕೊಟ್ಟ ವಿಷಯ ‘ಇಂದಿನ ಪೊಲೀಸ್ ವ್ಯವಸ್ಥೆಯ ಮುಂದಿರುವ ಸವಾಲುಗಳು’. ನಾನು ಪೊಲೀಸ್ ಅಧಿಕಾರಿಯಲ್ಲ, ವಕೀಲನೂ ಅಲ್ಲ. ಮೂವತ್ತು ವರ್ಷ ಕಾಸರಗೋಡಿನಲ್ಲಿ ವಕೀಲರ ಗುಮಾಸ್ತನಾಗಿದ್ದವನು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ ದೂರನ್ನು ಮಲೆಯಾಳದಲ್ಲಿ ಬರೆದುಕೊಟ್ಟವನು. ನಾನು ಕಣ್ಣಾರೆ ಕಂಡದ್ದನ್ನು ಹಿಡಿದುಕೊಂಡೇ ಮಾತಾಡುತ್ತೇನೆ.

ಮೊದಲು ನನ್ನ ಅಕ್ಕನ ವಿಷಯ ಹೇಳುತ್ತೇನೆ. ಹೇಳಬಹುದಾ ಅಂತ ಅವಳನ್ನು ಕೇಳಿಯೇ ಬಂದಿದ್ದೇನೆ.

ಅಕ್ಕನಿಗೆ 67 ವರ್ಷ. ಭಾವ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಗ ಬೆಂಗಳೂರಿನಲ್ಲಿ. ಅಡಿಕೆ ಮಾರಿದ ಹಣ ಬ್ಯಾಂಕಿನಲ್ಲಿತ್ತು. ಒಂದು ಬೆಳಿಗ್ಗೆ ಫೋನ್ ಬಂತು. ಮೊದಲು ಹಿಂದಿ. ‘ನನಗೆ ಗೊತ್ತಾಗುವುದಿಲ್ಲ’ ಅಂದಳು. ಕೂಡಲೇ ಇನ್ನೊಬ್ಬ ಲೈನಿಗೆ ಬಂದ. ಒಳ್ಳೆ ಕನ್ನಡ. ‘ಅಮ್ಮಾ, ಗಾಬರಿ ಆಗಬೇಡಿ, ನಾನಿದ್ದೇನೆ’ ಅಂತಲೇ ಶುರು ಮಾಡಿದ. ಅವಳ ಹೆಸರಿಗೆ ಬಂದ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆಯಂತೆ. ವಿಡಿಯೋ ಕಾಲ್ ಹಾಕಿಸಿದ. ಖಾಕಿ ಅಂಗಿ, ಬೆನ್ನ ಹಿಂದೆ ಲಾಂಛನ, ಮೇಜಿನ ಮೇಲೆ ಬಾವುಟ. ಫೋನ್ ಇಡಬಾರದು, ಬಾಗಿಲು ತೆರೆಯಬಾರದು, ಮಗನಿಗೂ ಹೇಳಬಾರದು ಅಂದ. ಒಲೆಯ ಮೇಲೆ ಗಂಜಿ ಇತ್ತು. ಅದು ತಳ ಹಿಡಿದು ಸೀದ ವಾಸನೆ ಬರುತ್ತಿದ್ದರೂ ಎದ್ದು ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಮಧ್ಯಾಹ್ನದೊಳಗೆ, ಮಗ ಹಾಕಿಕೊಟ್ಟಿದ್ದ ಬ್ಯಾಂಕ್ ಆ್ಯಪ್‌ನಿಂದಲೇ 1,80,000 ರೂಪಾಯಿ ಹೋಯಿತು.

ಮೋಸ ಅಂತ ಅವಳಿಗೆ ಗೊತ್ತಾದದ್ದು ಸಂಜೆ. ನನಗೆ ಹೇಳಿದ್ದು ಮರುದಿನ. ‘ನಿನ್ನೆಯೇ ಸ್ಟೇಷನ್ನಿಗೆ ಹೋಗಬಹುದಿತ್ತು ಅಲ್ವಾ ಅಕ್ಕ’ ಅಂದೆ. ಅವಳು ಹೇಳಿದ್ದು ಇಷ್ಟು: ‘ಅಲ್ಲಿ ಹೋಗಿ ಎಂತ ಹೇಳುವುದು? ಅವರು ಬರೆಯುವುದು ಮಲೆಯಾಳದಲ್ಲಿ. ನನಗೆ ಓದಲಿಕ್ಕೆ ಬರುವುದಿಲ್ಲ. ಓದದ ಕಾಗದಕ್ಕೆ ಸೈನ್ ಹಾಕಲಿಕ್ಕೆ ನನಗೆ ಹೆದರಿಕೆ.’

ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಳ್ಳ ಅವಳ ಭಾಷೆಯಲ್ಲೇ ಮಾತಾಡಿದ್ದ. ಕಾಪಾಡಬೇಕಾದವರ ಬಾಗಿಲಿಗೆ ಹೋಗಲು ಮಾತ್ರ ಭಾಷೆ ಅಡ್ಡ ಬಂತು. ಇವತ್ತಿನ ಪೊಲೀಸ್ ಕೆಲಸದ ಸವಾಲು ಅಂದರೆ ಸೈಬರ್, ಡ್ರೋನ್, ಕೃತಕ ಬುದ್ಧಿಮತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅದೆಲ್ಲ ಇದೆ. ಆದರೆ ನಮ್ಮ ಈ ಗಡಿ ಜಿಲ್ಲೆಯಲ್ಲಿ ಅದೆಲ್ಲದರ ಅಡಿಯಲ್ಲಿ ಭಾಷೆಯ ಪ್ರಶ್ನೆ ಇದೆ.

ಆ ಒಂದು ರಾತ್ರಿ ಯಾಕೆ ಅಷ್ಟು ಮುಖ್ಯ? ಸೈಬರ್ ಮೋಸಕ್ಕೆ 1930 ಅಂತ ಒಂದು ನಂಬರ್ ಇದೆ. ಫೋನ್ ಮಾಡಿ ಯಾವ ಖಾತೆಯಿಂದ, ಎಷ್ಟು ಹೊತ್ತಿಗೆ, ಎಷ್ಟು ಹಣ ಹೋಯಿತು, ವ್ಯವಹಾರದ ನಂಬರ್ ಏನು ಅಂತ ಹೇಳಿದರೆ ಅವರು ಕಂಪ್ಯೂಟರಿಗೆ ಹಾಕುತ್ತಾರೆ. ಅದು ನೇರ ಬ್ಯಾಂಕಿಗೆ ಹೋಗುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಬ್ಯಾಂಕ್ ಅದನ್ನು ಅಲ್ಲಿಯೇ ತಡೆದಿಡುತ್ತದೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಆ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಕಳ್ಳರು ಹಣವನ್ನು ಒಂದೇ ಕಡೆ ಇಡುವುದಿಲ್ಲ. ಒಂದು ಖಾತೆಯಿಂದ ಹತ್ತು ಖಾತೆಗೆ ಒಡೆದು, ಎಟಿಎಮ್ಮಿನಲ್ಲಿ ತೆಗೆದು ಮುಗಿಸುತ್ತಾರೆ. ಇದು ಗಂಟೆ ಲೆಕ್ಕದ ಓಟ. ಆ ಓಟದಲ್ಲಿ ಅಕ್ಕನ ಒಂದು ಇಡೀ ರಾತ್ರಿ ಹೋಯಿತು.

ಹಣ ಹೋಗುವ ಆ ಖಾತೆಗಳು ಯಾರದ್ದು ಗೊತ್ತಾ? ಎಷ್ಟೋ ಸಲ ನಮ್ಮ ನಿಮ್ಮ ಮಕ್ಕಳದ್ದು. ‘ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ’ ಅಂತ ಯಾರೋ ಹೇಳುತ್ತಾರೆ. ಕಾಲೇಜಿನ ಹುಡುಗ ಕೊಟ್ಟುಬಿಡುತ್ತಾನೆ. ಇದನ್ನು ಮ್ಯೂಲ್ ಅಕೌಂಟ್ ಅನ್ನುತ್ತಾರೆ, ಅಂದರೆ ಬಾಡಿಗೆ ಖಾತೆ. ದೂರದ ಊರಿನ ಪೊಲೀಸರು ಹುಡುಕಿಕೊಂಡು ಬರುವಾಗ ಮೊದಲು ಸಿಕ್ಕುವುದು ಈ ಹುಡುಗನೇ. ದಯಮಾಡಿ ಮನೆಗೆ ಹೋಗಿ ಮಕ್ಕಳ ಹತ್ತಿರ ಇವತ್ತೇ ಕೇಳಿ.

ಇನ್ನು ಫೋನಿನಲ್ಲಿ ಕನ್ನಡ ಮಾತಾಡಿದವನು ಎಲ್ಲಿಂದ ಬಂದ? ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್ ಕಡೆ ಈ ಮೋಸದ್ದೇ ದೊಡ್ಡ ದೊಡ್ಡ ಕೇಂದ್ರಗಳಿವೆ. ಡೇಟಾ ಎಂಟ್ರಿ ಕೆಲಸ ಅಂತ ನಂಬಿಸಿ ನಮ್ಮ ದೇಶದ ಹುಡುಗರನ್ನು ಕರೆದುಕೊಂಡು ಹೋಗುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು ಕಾಲ್ ಮಾಡಲು ಕೂರಿಸುತ್ತಾರೆ. ಯಾರನ್ನು ಮೋಸ ಮಾಡಬೇಕೋ ಅವರ ಭಾಷೆ ಬಲ್ಲವರು ಅವರಿಗೆ ಬೇಕು. ಗಲ್ಫ್ ಕೆಲಸ ಅಂದರೆ ಕಣ್ಣರಳಿಸುವ ಊರು ನಮ್ಮದು. ಅದಕ್ಕೇ ಈ ಮಾತನ್ನು ಸ್ವಲ್ಪ ಜಾಸ್ತಿ ಒತ್ತಿ ಹೇಳುತ್ತಿದ್ದೇನೆ.

ಅಕ್ಕನನ್ನು ಫೋನಿನ ಮುಂದೆ ಕೂರಿಸಿಟ್ಟ ಈ ಮೋಸಕ್ಕೆ ‘ಡಿಜಿಟಲ್ ಅರೆಸ್ಟ್’ ಅನ್ನುತ್ತಾರೆ. ಅಂಥ ಬಂಧನ ನಮ್ಮ ದೇಶದ ಯಾವ ಕಾಯ್ದೆಯಲ್ಲೂ ಇಲ್ಲ. ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರೇ ರೇಡಿಯೋದಲ್ಲಿ ಈ ವಿಷಯ ಹೇಳಿದರು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ಮೋಸದ ತನಿಖೆಯನ್ನು ಸಿಬಿಐಗೆ ವಹಿಸಿತು. ಆದರೂ ಫೋನ್ ಬರುತ್ತಲೇ ಇದೆ.

ಮೋಸ ನಿಜದ ಬೆನ್ನಿಗೇ ಬರುತ್ತದೆ. 2023ರಲ್ಲಿ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮರಾ ಬಂತು, ರಾಜ್ಯಕ್ಕೆಲ್ಲ 726. ಹೆಲ್ಮೆಟ್ ಇಲ್ಲದವರಿಗೆ ಫೋನಿಗೆ ದಂಡದ ಸಂದೇಶ ಬರಲು ಶುರುವಾಯಿತು. ಸಂದೇಶ ಜನರಿಗೆ ಅಭ್ಯಾಸ ಆಗುತ್ತಿದ್ದಂತೆ ನಕಲಿಯೂ ಬಂತು. ವಾಟ್ಸ್ಆ್ಯಪ್‌ನಲ್ಲಿ ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಈ ಫೈಲ್ ತೆರೆಯಿರಿ’ ಅಂತ. ತೆರೆದರೆ ಫೋನು ಅವರ ಕೈಗೆ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲನ್ನು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲನ್ನು, ಯಾವತ್ತೂ ತೆರೆಯಬೇಡಿ.

ಈಗ ಕಾಯ್ದೆಗೆ ಬರೋಣ. 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾಯ್ದೆಗಳು ಜಾರಿಗೆ ಬಂದವು. ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಎವಿಡೆನ್ಸ್ ಆ್ಯಕ್ಟ್ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ. ಮನೆ ಶೋಧಿಸಿದರೆ ವಿಡಿಯೋ ಮಾಡಬೇಕು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಬರಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರು ಕೊಟ್ಟವರಿಗೆ ತಿಳಿಸಬೇಕು. ಇವೆಲ್ಲ ಒಳ್ಳೆಯದೇ. ಆದರೆ ನನ್ನ ಕಣ್ಣು ನಿಲ್ಲುವುದು ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನ ಒಂದು ಸಣ್ಣ ಮಾತಿನ ಮೇಲೆ. ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡರೆ, ಹೇಳಿದವರಿಗೆ ಅದನ್ನು ಓದಿ ಹೇಳಬೇಕು. ಆಮೇಲೆ ಸಹಿ. ಒಂದು ಪ್ರತಿ ಕೂಡಲೇ, ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಇದು ಹೊಸದೇನಲ್ಲ, ಹಳೆಯ ಸಿಆರ್‌ಪಿಸಿಯ 154ನೇ ಸೆಕ್ಷನ್ನಿನಲ್ಲೂ ಇತ್ತು.

ಓದಿ ಹೇಳುವುದು ಅಂದರೆ ಏನು? ನನ್ನ ಲೆಕ್ಕದಲ್ಲಿ, ಕೇಳಿದವರಿಗೆ ಅರ್ಥ ಆಗಬೇಕು. ಇಲ್ಲದಿದ್ದರೆ ಅದು ಸುಮ್ನೆ ಸದ್ದು.

ಅರ್ಥ ತಪ್ಪಿದರೆ ಏನಾಗುತ್ತದೆ ಅಂತ ನಾನೇ ಕಂಡಿದ್ದೇನೆ. ಠಾಣೆ ಯಾವುದು, ಜನ ಯಾರು ಅಂತ ಹೇಳುವುದಿಲ್ಲ. ಒಬ್ಬರು ಹಿರಿಯ ಕೃಷಿಕರು. ಪಕ್ಕದ ಮನೆಯವರು ಇವರ ತೋಟದ ಬದಿಯಲ್ಲಿ ನಡೆದುಹೋಗುತ್ತಿದ್ದರು. ಮಾತಿಗೆ ಮಾತು ಬೆಳೆದು ಒಂದು ದಿನ ಇವರ ಬೇಲಿ ಕಿತ್ತರು, ಕೈ ಕೈ ಮಿಲಾಯಿಸಿದರು. ಇವರು ಠಾಣೆಗೆ ಹೋಗಿ ಹೇಳಿದ್ದು, ‘ಆ ದಾರಿಯಲ್ಲಿ ಹೋಗಲು ನಾನೇ ಅವರಿಗೆ ಅವಕಾಶ ಕೊಟ್ಟಿದ್ದೆ.’ ಬರೆದುಕೊಂಡ ಪೊಲೀಸರು ದಕ್ಷಿಣದ ಜಿಲ್ಲೆಯಿಂದ ಬಂದವರು. ಒಳ್ಳೆಯ ಮನುಷ್ಯ, ಅರ್ಧಂಬರ್ಧ ಕನ್ನಡ ಕಲಿತಿದ್ದರು. ‘ಅವಕಾಶ’ ಅನ್ನುವ ಶಬ್ದ ಅವರಿಗೆ ಗೊತ್ತಿತ್ತು. ಹಾಗೆಯೇ ಬರೆದರು. ಮಲೆಯಾಳದಲ್ಲಿ ‘ಅವಕಾಶಂ’ ಅಂದರೆ ಹಕ್ಕು! ದಯೆಯಿಂದ ಬಿಟ್ಟುಕೊಟ್ಟ ದಾರಿ ಕಾಗದದಲ್ಲಿ ಹಕ್ಕಾಗಿ ಕೂತಿತು. ಹಿರಿಯರು ಸಹಿ ಹಾಕಿ ಬಂದರು. ಮುಂದೆ ದಾರಿಯ ಬಗ್ಗೆ ಸಿವಿಲ್ ವ್ಯಾಜ್ಯ ಬಂದಾಗ ಎದುರು ಕಡೆಯ ವಕೀಲರು ಅದೇ ಕಾಗದ ಎತ್ತಿ ತೋರಿಸಿದರು. ‘ನಾನು ಹಾಗೆ ಹೇಳಲಿಲ್ಲ’ ಅಂತ ಆ ಹಿರಿಯರು ಕೋರ್ಟಿನ ವರಾಂಡದಲ್ಲಿ ನನ್ನ ಕೈ ಹಿಡಿದು ಹೇಳಿದ್ದು ಇವತ್ತಿಗೂ ನೆನಪಿದೆ.

ಇಂಥ ಶಬ್ದಗಳು ತುಂಬ ಇವೆ. ನಮ್ಮಲ್ಲಿ ಹಿರಿಯರು ಹೆಂಡತಿಯನ್ನು ‘ಸಂಸಾರ’ ಅನ್ನುತ್ತಾರೆ. ಮಲೆಯಾಳದಲ್ಲಿ ‘ಸಂಸಾರಂ’ ಅಂದರೆ ಮಾತುಕತೆ. ನಮಗೆ ‘ಅಪೇಕ್ಷೆ’ ಅಂದರೆ ಆಸೆ, ಅವರಿಗೆ ಅರ್ಜಿ. ಎರಡೂ ಭಾಷೆ ಒಂದೇ ಮನೆಯ ಅಕ್ಕ ತಂಗಿಯರ ಹಾಗೆ ಕಾಣುತ್ತವೆ. ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಈಗ ಠಾಣೆ, ಕೋರ್ಟುಗಳಿಗೆ ಕಂಪ್ಯೂಟರ್ ಅನುವಾದ ಬರುವ ಕಾಲ. ಬರಲಿ. ಆದರೆ ಎರಡೂ ಬಲ್ಲ ಮನುಷ್ಯರೊಬ್ಬರು ಪಕ್ಕದಲ್ಲಿ ಕೂತು ನೋಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ತಂತ್ರಜ್ಞಾನ ನಮಗೆ ಉಪಕಾರವನ್ನೂ ಮಾಡಬಹುದು. ತನಿಖೆಯಲ್ಲಿ ಸಾಕ್ಷಿಯ ಹೇಳಿಕೆಯನ್ನು ಆಡಿಯೋ, ವಿಡಿಯೋದಲ್ಲಿ ದಾಖಲಿಸಬಹುದು ಅಂತ ಸುರಕ್ಷಾ ಸಂಹಿತೆಯ 180ನೇ ಸೆಕ್ಷನ್ ಹೇಳುತ್ತದೆ. ‘ಮಾಡಬಹುದು’ ಅಂತ ಇದೆ, ‘ಮಾಡಲೇಬೇಕು’ ಅಂತ ಇಲ್ಲ. ಆದರೂ ಕೇಳಿ. ‘ಸಾರ್, ನನ್ನ ಹೇಳಿಕೆ ಕನ್ನಡದಲ್ಲಿ ರೆಕಾರ್ಡ್ ಮಾಡಿ’ ಅನ್ನಿ. ಆ ಕೃಷಿಕರ ಸ್ವರ ಅವತ್ತು ಒಂದು ಫೋನಿನಲ್ಲಿ ಉಳಿದಿದ್ದರೆ, ‘ಅವಕಾಶ’ ಅಂತ ಅವರು ಯಾವ ಅರ್ಥದಲ್ಲಿ ಹೇಳಿದರು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ಹಕ್ಕಿನ ವಿಷಯಕ್ಕೆ ಬಂದರೆ, ಸಂವಿಧಾನದ 350ನೇ ವಿಧಿ ಇದೆ. ಯಾವ ಅಧಿಕಾರಿಗೇ ಆಗಲಿ, ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರಿನ ಅರ್ಜಿ ಕೊಡಬಹುದು. ಹಾಗಾಗಿ ದೂರನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದುಕೊಂಡು ಹೋಗಿ. ಬಂಧನದ ಬಗ್ಗೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಬಂಧನಕ್ಕೆ ಕಾರಣವನ್ನು ಬರಹದಲ್ಲಿ, ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅಪರಾಧಿ ಅಂತ ಸಂಶಯ ಬಂದವನಿಗೇ ಅಷ್ಟು ರಕ್ಷಣೆ ಇರುವಾಗ, ಹಣ ಕಳೆದುಕೊಂಡ ನನ್ನ ಅಕ್ಕನಿಗೆ ಬೇಡವಾ?

ಗಡಿಯ ಮಾತು ಹೇಳದಿದ್ದರೆ ಈ ಉಪನ್ಯಾಸ ಅರ್ಧ ಆಗುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಸಮಯದಲ್ಲಿ ಕರ್ನಾಟಕದ ಗಡಿ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯ ಗಡಿಯನ್ನೂ ಮುಚ್ಚಿದ್ದನ್ನು ನೀವ್ಯಾರೂ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ ನಮ್ಮವರು ಆಂಬುಲೆನ್ಸ್‌ನಲ್ಲಿ ಕಾದು ಕೂತರು. ಗಡಿ ಅನ್ನುವುದು ನಮಗೆ ನಕ್ಷೆಯ ಗೆರೆ ಅಲ್ಲ, ಅದು ದಿನನಿತ್ಯದ ಬದುಕು. ಪೊಲೀಸರಿಗೂ ಹಾಗೆಯೇ. ಮಾದಕ ವಸ್ತು ತರುವವನು ಒಂದು ಗಂಟೆಯೊಳಗೆ ಎರಡು ರಾಜ್ಯ ದಾಟುತ್ತಾನೆ, ಪೊಲೀಸರ ಕಾಗದ ದಾಟಲು ದಿನ ಬೇಕು. ಈಗ ಝೀರೋ ಎಫ್‌ಐಆರ್ ಕಾಯ್ದೆಯಲ್ಲೇ ಬಂದಿದೆ. ಮಂಗಳೂರಿಗೆ ಹೋದಾಗ ಕುತ್ತಿಗೆಯ ಸರ ಎಳೆದರೆ ಮಂಜೇಶ್ವರಕ್ಕೆ ಬಂದೂ ದೂರು ಕೊಡಬಹುದು. ‘ಇದು ನಮ್ಮ ಸರಹದ್ದಲ್ಲ’ ಅನ್ನುವ ಹಾಗಿಲ್ಲ. ಅವರು ದಾಖಲಿಸಿ ಅಲ್ಲಿಗೆ ಕಳಿಸಬೇಕು. ಆದರೆ ಮಲೆಯಾಳದ ಎಫ್‌ಐಆರ್ ಮಂಗಳೂರಿನ ಠಾಣೆಗೆ ಹೋದರೆ ಅಲ್ಲಿಯ ಎಸ್‌ಐ ಏನು ಮಾಡಬೇಕು? ಓದುವವರನ್ನು ಅವರೂ ಹುಡುಕಬೇಕು. ಭಾಷೆಯ ತೊಡಕು ತಲಪಾಡಿಯ ಆಚೆಗೂ ಇದೆ.

ಪೊಲೀಸರ ಕಷ್ಟವನ್ನೂ ನೋಡಬೇಕು. ಬೆಳಿಗ್ಗೆ ಜಾತ್ರೆಯ ಬಂದೋಬಸ್ತ್, ಮಧ್ಯಾಹ್ನ ಕೋರ್ಟಿನ ಸಮನ್ಸ್, ಸಂಜೆ ಮರಳು ಲಾರಿ, ರಾತ್ರಿ ಗಸ್ತು. ಅದೇ ಮನುಷ್ಯ ಬ್ಯಾಂಕಿನ ವ್ಯವಹಾರ ಜಾಲಾಡಬೇಕು, ವಿಡಿಯೋ ತೆಗೆಯಬೇಕು, ಸಾಕ್ಷ್ಯಕ್ಕೆ ಸರ್ಟಿಫಿಕೇಟ್ ಬರೆಯಬೇಕು. ಊರಿಗೆ ಹೊಂದಿಕೊಂಡು ಎರಡು ಕನ್ನಡ ಶಬ್ದ ಕಲಿಯುವಷ್ಟರಲ್ಲಿ ವರ್ಗಾವಣೆ. ಕೇರಳ ಪೊಲೀಸರು 2008ರಲ್ಲಿ ಜನಮೈತ್ರಿ ಅಂತ ಒಂದು ಒಳ್ಳೆಯ ಕೆಲಸ ಶುರು ಮಾಡಿದರು. ಬೀಟ್ ಪೊಲೀಸರು ಮನೆ ಮನೆಗೆ ಬಂದು ಪರಿಚಯ ಮಾಡಿಕೊಳ್ಳುತ್ತಿದ್ದರು. ನಮ್ಮ ಮನೆಗೆ ಬಂದವರಿಗೆ ಅಮ್ಮ ಮಜ್ಜಿಗೆ ಕೊಟ್ಟು ಕೂರಿಸಿದ್ದರು. ಪೊಲೀಸರೆಂದರೆ ಒಳಗೆ ಓಡುತ್ತಿದ್ದ ಮಕ್ಕಳು ಅವತ್ತು ಜಗಲಿಯಲ್ಲೇ ನಿಂತಿದ್ದರು. ಆ ಪರಿಚಯ ಇದ್ದರೆ ಅಕ್ಕ ಆ ರಾತ್ರಿ ಫೋನ್ ಮಾಡುತ್ತಿದ್ದಳು.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು, ಕಾಸರಗೋಡು, ವಿದ್ಯಾನಗರ. ಈ ಆರು ಠಾಣೆಗಳಲ್ಲಿ ಪ್ರತಿ ಪಾಳಿಗೂ ಕನ್ನಡ ಓದಿ ಬರೆಯುವ ಒಬ್ಬರು ಇರಲಿ. ಜಿಲ್ಲೆಯ ಸೈಬರ್ ಠಾಣೆಯಲ್ಲೂ ಇರಲಿ. ನಮ್ಮ ಮಕ್ಕಳು ಪಿಎಸ್‌ಸಿ ಪರೀಕ್ಷೆ ಬರೆದು ಪೊಲೀಸ್ ಕೆಲಸಕ್ಕೆ ಹೋಗಲಿ. ಅಪ್ಪ ಅಮ್ಮಂದಿರು ಬೇಡ ಅನ್ನಬೇಡಿ.

ಮರುದಿನ 1930ಕ್ಕೆ ಫೋನ್ ಮಾಡಿ, ಅಕ್ಕನನ್ನು ಕರೆದುಕೊಂಡು ನಾನೇ ಠಾಣೆಗೆ ಹೋದೆ. ಮೇಜಿನ ಹತ್ತಿರ ಇದ್ದದ್ದು ಒಬ್ಬಳು ಹುಡುಗಿ, ಹೊಸದಾಗಿ ಸೇರಿದವಳು, ಮಲೆಯಾಳ ಮಾತ್ರ ಬರುತ್ತಿತ್ತು. ನಾನು ಅನುವಾದ ಮಾಡಿ ಹೇಳಿದೆ, ಅವಳು ಬರೆದಳು. ಬರೆದಾದ ಮೇಲೆ ಅಕ್ಕನ ಮುಂದೆ ಕಾಗದ ಇಟ್ಟು ಪೆನ್ ಕೊಟ್ಟಳು. ಅಕ್ಕ ಪೆನ್ ಮುಟ್ಟಲಿಲ್ಲ. ‘ಇದನ್ನು ಕನ್ನಡದಲ್ಲಿ ಓದಿ ಹೇಳಿ, ಮತ್ತೆ ಹಾಕುತ್ತೇನೆ’ ಅಂದಳು. ನಾನು ಓದಲು ಹೊರಟೆ. ‘ನೀನಲ್ಲ, ಅವರು’ ಅಂದಳು. ಹುಡುಗಿ ಒಂದು ಕ್ಷಣ ನೋಡಿದಳು. ಒಳಗೆ ಹೋಗಿ ಪೆರ್ಲದ ಕಡೆಯ ಒಬ್ಬ ಪೊಲೀಸರನ್ನು ಕರೆದುಕೊಂಡು ಬಂದಳು. ಅವರು ಕುರ್ಚಿ ಎಳೆದು ಅಕ್ಕನ ಎದುರು ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಎರಡು ತಪ್ಪು ಸಿಕ್ಕಿತು. ಒಂದು, ಹಣ ಹೋದ ಸಮಯ. ಇನ್ನೊಂದು, ಖಾತೆ ನಂಬರಿನ ಕೊನೆಯ ಅಂಕೆ. ಎರಡನ್ನೂ ತಿದ್ದಿದರು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ಆಮೇಲೆ ಅಕ್ಕ ಕನ್ನಡಕ ಸರಿ ಮಾಡಿಕೊಂಡು ಕನ್ನಡದಲ್ಲಿ ತನ್ನ ಹೆಸರು ಬರೆದಳು.