ನೆಟ್ಟಿಲ್ಲದ ತೋಟದಲ್ಲಿ ತೆರೆದ ವೆಬ್‌ಪೇಜ್

[ದೃಶ್ಯ: ಹೊಸನಗರ ಕಡೆಯ ಅಡಿಕೆ ತೋಟ. ಕೈಯಲ್ಲಿ ಫೋನ್, ಸಿಗ್ನಲ್ ಪೂರ್ತಿ ಖಾಲಿ]

ನಮಸ್ಕಾರ. ಹೊಸನಗರದ ಹತ್ತಿರ ಚಿಕ್ಕಪ್ಪನ ತೋಟದಲ್ಲಿದ್ದೇನೆ. ಇಲ್ಲಿ ಫೋನ್ ಮಾಡಬೇಕು ಅಂದ್ರೆ ಹಿಂದಿನ ಗುಡ್ಡ ಹತ್ತಬೇಕು. ನೋಡಿ, ಒಂದು ಕಡ್ಡಿಯೂ ಇಲ್ಲ. ಈಗ ಬ್ರೌಸರಿನಲ್ಲಿ ಒಂದು ಪೇಜ್ ತೆರೆಯುತ್ತೇನೆ. ಬಂತಾ? ಬಂತು.

ಪ್ಲೇ ಸ್ಟೋರಿನಿಂದ ಏನೂ ಇಳಿಸಿಲ್ಲ. ಸುಮ್ನೆ ಒಂದು ವೆಬ್‌ಪೇಜ್. ಮೊದಲ ಸಲ ತೋರಿಸಿದಾಗ ಚಿಕ್ಕಪ್ಪ ಕೇಳಿದರು: "ಎಂಥದ್ದು ಮಾರಾಯ, ನೆಟ್ಟೇ ಇಲ್ಲ, ಎಲ್ಲಿಂದ ಬಂತು ಇದು?"

[ದೃಶ್ಯ: ಫೋನಿನ ಪರದೆ ಹತ್ತಿರದಿಂದ. ಮೂರು ಸಾಲು: ಮೇಲಿನ ತೋಟ, ಕೆಳಗಿನ ತೋಟ, ಹಳ್ಳದ ಬದಿ. ಪಕ್ಕದಲ್ಲಿ ತಾರೀಕು]

ಪೇಜಿನಲ್ಲಿ ಇರುವುದು ಔಷಧಿ ಹೊಡೆದ ಲೆಕ್ಕ, ಅಷ್ಟೇ. ಮಲೆನಾಡಿನವರಿಗೆ ಗೊತ್ತು. ಕೊಳೆ ರೋಗ ಬಾರದಿರಲಿ ಅಂತ ಮಳೆ ಹಿಡಿಯುವ ಮೊದಲು ಒಂದು ಸಲ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 40-45 ದಿನ ಬಿಟ್ಟು ಇನ್ನೊಂದು ಸಲ. ಚಿಕ್ಕಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. ಹೋದ ಮಳೆಗಾಲದಲ್ಲಿ ಕ್ಯಾಲೆಂಡರಿಗೇ ಬೂಷ್ಟು ಹಿಡಿಯಿತು. ಹಳ್ಳದ ಬದಿಗೆ ಹೊಡೆದಿದ್ದು ಯಾವತ್ತು ಅಂತ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ತಾರೀಕು ಹೇಳಿದರು. ಆಗ ಮಾಡಿದ್ದು ಈ ಪೇಜ್.

ಇದರ ಒಳಗೆ ಸರ್ವಿಸ್ ವರ್ಕರ್ ಅಂತ ಒಂದು ಚಿಕ್ಕ ಪ್ರೋಗ್ರಾಮ್ ಇದೆ. ತೋಟದ ಬಾಗಿಲಲ್ಲಿ, ಉಣುಗೋಲಿನ ಹತ್ತಿರ ಕೂತ ಆಳು ಅಂದುಕೊಳ್ಳಿ. ಪೇಜು ಏನೇ ತರಲು ಹೊರಟರೂ ಅವನನ್ನು ದಾಟಿಯೇ ಹೋಗಬೇಕು. "ಪೇಟೆಗೆ ಯಾಕೆ ಹೋಗ್ತೀಯ? ಅಟ್ಟದ ಮೇಲೆ ಇದೆ ನೋಡು" ಅಂತ ಅವನು ಅಲ್ಲೇ ತಡೆದು, ಇಟ್ಟಿದ್ದನ್ನು ತೆಗೆದು ಕೊಡುತ್ತಾನೆ. ಆ ಅಟ್ಟ ಫೋನಿನ ಒಳಗೇ ಇದೆ. ಮಳೆಗೆ ಮುಂಚೆ ಸೌದೆ, ಹಪ್ಪಳ ಒಳಗೆ ಸೇರಿಸಿಡುತ್ತೇವಲ್ಲ, ಹಾಗೆ. ಮೊದಲ ಸಲ ನೆಟ್ ಇರುವಾಗ ತೆರೆದರೆ ಸಾಕು, ಬೇಕಾದ್ದೆಲ್ಲ ಅಟ್ಟಕ್ಕೆ ಹೋಗಿರುತ್ತದೆ. ನಾವು ಬರೆದ ತಾರೀಕುಗಳಿಗೆ ಬ್ರೌಸರಿನಲ್ಲೇ ಬೇರೆ ಒಂದು ಡೇಟಾಬೇಸ್ ಇದೆ.

ಗೂಗಲ್‌ನ ಕ್ರೋಮ್ ಬ್ರೌಸರಿಗೆ ಈ ಸರ್ವಿಸ್ ವರ್ಕರ್ ಬಂದದ್ದು 2015ರಲ್ಲಿ. ಐಫೋನಿನಲ್ಲಿರುವ ಆಪಲ್‌ನ ಬ್ರೌಸರ್ ಸಫಾರಿಗೆ 2018ರಲ್ಲಿ. ಮೂರು ವರ್ಷ ಅಂತರ. ಈ ಅಂತರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

[ದೃಶ್ಯ: ತಂಗಿಯ ಐಫೋನಿನಲ್ಲಿ ಅದೇ ಪೇಜ್. ಮೂರು ಸಾಲೂ ಖಾಲಿ]

ಚಿಕ್ಕಪ್ಪನ ಮಗಳ ಹತ್ತಿರ ಐಫೋನಿದೆ. ಅವಳೂ ಇದೇ ಪೇಜಿನಲ್ಲಿ ತಾರೀಕು ಬರೆದಳು. ಎರಡನೇ ಔಷಧಿಯ ಹೊತ್ತಿಗೆ ತೆರೆದು ನೋಡಿದರೆ ಏನೂ ಇಲ್ಲ. "ಅಣ್ಣಾ, ನಿನ್ನ ಪೇಜು ಎಲ್ಲ ನುಂಗಿ ಹಾಕಿದೆ!" ತಪ್ಪು ನನ್ನದು, ಸಫಾರಿಯ ನಿಯಮ ನಾನು ಓದಿರಲಿಲ್ಲ. ನೀವು ಸಫಾರಿ ಬಳಸುತ್ತಿದ್ದೀರಿ, ಆದರೆ ಒಂದು ಸೈಟಿನ ಕಡೆ ಮಾತ್ರ 7 ದಿನ ತಲೆ ಹಾಕಿಲ್ಲ ಅಂದ್ರೆ, ಆ ಸೈಟು ಇಟ್ಟುಕೊಂಡ ಇಂಥ ಡೇಟಾವನ್ನು ಅದು ಅಳಿಸಿಬಿಡುತ್ತದೆ. 2020ರಿಂದ ಹೀಗಿದೆ. ಜಾಹೀರಾತಿನವರು ನಮ್ಮ ಹಿಂದೆ ಬೀಳದಿರಲಿ ಅಂತ ಮಾಡಿದ್ದು. ಉದ್ದೇಶ ಒಳ್ಳೆಯದೇ. ಆದರೆ 40 ದಿನಕ್ಕೊಮ್ಮೆ ನೋಡುವ ಲೆಕ್ಕಕ್ಕೆ 7 ದಿನದ ಅಟ್ಟ ಕಟ್ಟಿಕೊಂಡು ಏನು ಮಾಡೋದು?

ದಾರಿ ಇದೆ. ಪೇಜನ್ನು ಹೋಮ್ ಸ್ಕ್ರೀನಿಗೆ ಸೇರಿಸಿದರೆ ಈ 7 ದಿನದ ಕಾಟವಿಲ್ಲ. ತಂಗಿಯ ಫೋನಿನಲ್ಲಿ ಈಗ ಹಾಗೇ ಮಾಡಿದ್ದೇವೆ. ಆದರೆ 2024ರ ಫೆಬ್ರವರಿಯಲ್ಲಿ ಆಪಲ್ ಯುರೋಪ್ ಒಕ್ಕೂಟದ ದೇಶಗಳಲ್ಲಿ ಆ ಹೋಮ್ ಸ್ಕ್ರೀನ್ ಸೌಲಭ್ಯವನ್ನೇ ತೆಗೆಯಲು ಹೊರಟಿತ್ತು. ಗಲಾಟೆ ಆಯ್ತು. ಮಾರ್ಚ್ 1ಕ್ಕೆ ಆ ನಿರ್ಧಾರ ಕೈಬಿಟ್ಟರು. ಒಂದು ಕಂಪನಿ ಮನಸ್ಸು ಬದಲಾಯಿಸಿದರೆ ಇಂಥ ಸಾವಿರಾರು ಪೇಜುಗಳ ಅಟ್ಟ ಕುಸಿಯುತ್ತದೆ. ಬೇರೆ ಬ್ರೌಸರ್ ಹಾಕಿಕೊಳ್ಳೋಣ ಅಂದ್ರೆ, ನಮ್ಮ ದೇಶದ ಐಫೋನಿನಲ್ಲಿ ಕ್ರೋಮ್ ಹಾಕಿದರೂ ಪೇಜ್ ತೋರಿಸುವ ಒಳಗಿನ ಇಂಜಿನ್ ಸಫಾರಿಯದ್ದೇ.

[ದೃಶ್ಯ: ತೋಟದ ಮಣ್ಣಿನಲ್ಲಿ ನೆಟ್ಟ ಸಣ್ಣ ಸೆನ್ಸರ್. ಪಕ್ಕದಲ್ಲಿ ಆಂಡ್ರಾಯ್ಡ್ ಫೋನ್]

ಇದು ಮಣ್ಣಿನ ತೇವ ಅಳೆಯುವ ಸೆನ್ಸರ್. ಬ್ಲೂಟೂತ್ ಇರುವ ಒಂದು ಸಣ್ಣ ಬೋರ್ಡಿಗೆ ಜೋಡಿಸಿದ್ದೇನೆ. ಪೇಜಿನಲ್ಲಿ ಬಟನ್ ಒತ್ತಿದೆ. "ಯಾವ ಸಾಧನ?" ಅಂತ ಬ್ರೌಸರ್ ಕೇಳಿತು. ಆರಿಸಿದೆ. ತೇವದ ಅಂಕಿ ಬಂತು! ಆ್ಯಪ್ ಇಲ್ಲ, ಕೇಬಲ್ ಇಲ್ಲ.

ಆದರೆ ಇದು ನಡೆಯುವುದು ಕ್ರೋಮ್, ಎಡ್ಜ್‌ನಂಥ ಒಂದೇ ಮನೆತನದ ಬ್ರೌಸರುಗಳಲ್ಲಿ. ಸಫಾರಿ, ಫೈರ್‌ಫಾಕ್ಸ್ ಎರಡರಲ್ಲೂ ಇಲ್ಲ. ಅವರ ತಕರಾರು ಸುಮ್ಮನೆ ಹಟವಲ್ಲ. ಗೊತ್ತಿಲ್ಲದ ಸೈಟೊಂದು ನಿಮ್ಮ ಮನೆಯ ಯಂತ್ರಗಳ ಜೊತೆ ಮಾತಾಡುವುದು ಅಂದ್ರೆ ಸಣ್ಣ ವಿಷಯ ಅಲ್ವಾ? ನಿಮ್ಮ ಹತ್ತಿರ ಯಾವ ಯಂತ್ರ ಇದೆ ಅನ್ನುವುದೂ ನಿಮ್ಮನ್ನು ಗುರುತು ಹಿಡಿಯಲು ಒಂದು ಸುಳಿವು. ನನಗಂತೂ ಎರಡೂ ಕಡೆಯ ಮಾತು ಸರಿ ಅನ್ನಿಸುತ್ತದೆ. ಗೂಗಲ್ ಮೊದಲು ಬಾಗಿಲು ತೆಗೆದು ಆಮೇಲೆ ಬೇರೆಯವರನ್ನು ಕರೆಯುತ್ತದೆ. ಆಪಲ್ ಬಾಗಿಲಿಗೆ ಅಗುಳಿ ಹಾಕಿ ಪಕ್ಕದಲ್ಲಿ ತನ್ನ ಆ್ಯಪ್ ಸ್ಟೋರ್ ತೋರಿಸುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಪೇಜ್ ಮಾಡುವ ನನ್ನಂಥವರು.

ಪರಿಣಾಮ ಏನು ಗೊತ್ತಾ? "ಕ್ರೋಮಿನಲ್ಲಿ ನಡೆದರೆ ಸಾಕು ಬಿಡು" ಅನ್ನುವ ಸೋಮಾರಿತನ. ಹೋದ ವರ್ಷ ಒಂದು ಅರ್ಜಿ ತುಂಬುತ್ತಿದ್ದೆ, ಸೈಟಿನ ಹೆಸರು ಬೇಡ. ಫೈರ್‌ಫಾಕ್ಸ್‌ನಲ್ಲಿ ಕೊನೇ ಬಟನ್ ಒತ್ತಿದರೆ ಅಲುಗಾಡಲ್ಲ. ಕ್ರೋಮಿನಲ್ಲಿ ಮೊದಲಿಂದ ತುಂಬಬೇಕಾಯಿತು.

[ದೃಶ್ಯ: ಶಿವಮೊಗ್ಗದ ದುರ್ಗಿಗುಡಿ ರಸ್ತೆ, ಸಂಜೆ]

ಒಂದೇ ಬ್ರೌಸರಿಗೆ ಜೋತುಬೀಳುವುದನ್ನು ನಾವು ಮೊದಲೂ ಒಮ್ಮೆ ನೋಡಿದ್ದೇವೆ. ದುರ್ಗಿಗುಡಿಯ ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುತ್ತಿದ್ದವರು ನೆನಪಿಸಿಕೊಳ್ಳಿ. ನೀಲಿ 'ಇ' ಅಕ್ಷರದ ಇಂಟರ್ನೆಟ್ ಎಕ್ಸ್‌ಪ್ಲೋರರ್. ಅದರ 6ನೇ ಆವೃತ್ತಿ ಬಂದದ್ದು 2001ರಲ್ಲಿ. ಆಗ 10 ಜನರಲ್ಲಿ 9 ಜನ ಅದನ್ನೇ ಬಳಸುತ್ತಿದ್ದರು. ಪೈಪೋಟಿಗೆ ಯಾರೂ ಇಲ್ಲ, ಅವಸರವೂ ಇಲ್ಲ. 7ನೇ ಆವೃತ್ತಿ ಬರಲು 2006 ಆಯಿತು, ಅದೂ 2004ರಲ್ಲಿ ಫೈರ್‌ಫಾಕ್ಸ್ ಬಂದು ಚುರುಕು ಮುಟ್ಟಿಸಿದ ಮೇಲೆ. ಆಗ ಕನ್ನಡದ ಸೈಟುಗಳ ಪಾಡು ಕೇಳಲೇಬೇಡಿ. ಒಬ್ಬೊಬ್ಬರದು ಒಂದೊಂದು ಫಾಂಟ್. ಅದು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆ. ಇವತ್ತು ಕನ್ನಡ ಎಲ್ಲ ಬ್ರೌಸರಿನಲ್ಲೂ ಓದಲು ಬರುತ್ತದೆ. ಪ್ರತಿ ಅಕ್ಷರಕ್ಕೂ ಒಂದೇ ಸಂಖ್ಯೆ ಕೊಡುವ ಯೂನಿಕೋಡನ್ನು ಎಲ್ಲರೂ ಒಪ್ಪಿಕೊಂಡದ್ದರಿಂದ ಅದು ಆಯಿತು.

ವೆಬ್ ಹುಟ್ಟಿದ ಯುರೋಪಿನ ವಿಜ್ಞಾನ ಸಂಸ್ಥೆ ಸರ್ನ್ 1993ರ ಏಪ್ರಿಲ್ 30ರಂದು ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಿ ಅಂತ ಬಿಟ್ಟುಕೊಟ್ಟಿತು. ಹಾಗಾಗಿ ಔಷಧಿ ಲೆಕ್ಕದ ಪೇಜ್ ಮಾಡಲು ನಾನು ಯಾರನ್ನೂ ಕೇಳಬೇಕಾಗಿ ಬರಲಿಲ್ಲ.

   

[ದೃಶ್ಯ: ಮತ್ತೆ ತೋಟ. ಮೋಡ ಕವಿದಿದೆ. ಚಿಕ್ಕಪ್ಪ ಫೋನಿನಲ್ಲಿ ಬೆರಳಾಡಿಸುತ್ತಿದ್ದಾರೆ]

ಪೇಜಿನ ಲಿಂಕು, ಕೋಡು ಎರಡೂ ಕೆಳಗೆ ಹಾಕಿದ್ದೇನೆ. ಬೇಕಾದವರು ನಿಮ್ಮ ತೋಟಕ್ಕೆ ತಿದ್ದಿಕೊಳ್ಳಿ. ತೇವ ಅಳೆಯುವ ಬಟನ್ ನಿಮ್ಮ ಬ್ರೌಸರಿಗೆ ಬರದಿದ್ದರೆ ತಾನೇ ಮರೆಯಾಗುತ್ತದೆ, ಔಷಧಿ ಲೆಕ್ಕ ಮಾತ್ರ ಎಲ್ಲದರಲ್ಲೂ ನಡೆಯಬೇಕು. ನಡೆಯದಿದ್ದರೆ ಯಾವ ಬ್ರೌಸರ್ ಅಂತ ಬರೆದು ತಿಳಿಸಿ. ಐಫೋನಿನವರು ಹೋಮ್ ಸ್ಕ್ರೀನಿಗೆ ಸೇರಿಸುವುದು ಮರೆಯಬೇಡಿ.

"ಹಳ್ಳದ ಬದಿಗೆ ಇನ್ನು 3 ದಿನ ಇದೆಯಂತೆ" ಅಂತಿದ್ದಾರೆ ಚಿಕ್ಕಪ್ಪ. ಹನಿ ಶುರುವಾಯ್ತು. ಕ್ಯಾಮೆರಾ ಒಳಗಿಡಬೇಕು.