ಕೈಗಡಿಯಾರದ ಹೆಸರಿನ ಟ್ರ್ಯಾಕ್ಟರ್

ಬೆಳಿಗ್ಗೆ ಆರೂವರೆ. ಯಲಹಂಕ ದಾಟಿ, ರಾಜಾನುಕುಂಟೆ ಕಡೆ ನಮ್ಮ ಹೊಲ. ಮೇಲೆ ವಿಮಾನದ ಸದ್ದು, ಕೆಳಗೆ ಟಪ ಟಪ ಅಂತ ನಮ್ಮ ಎಚ್‌ಎಂಟಿ 2511.

ಬೆಂಗಳೂರಿನವರಿಗೆ ಎಚ್‌ಎಂಟಿ ಅಂದರೆ ಜಾಲಹಳ್ಳಿಯ ವಾಚು, ಅಲ್ವಾ? ನಮ್ಮ ಅಪ್ಪನ ಕೈಯಲ್ಲೂ ಅದೇ ಇತ್ತು. ಅದೇ ಕಂಪನಿ 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರನ್ನೂ ಮಾಡುತ್ತಿತ್ತು. 2016ರಲ್ಲಿ ಆ ಕಾರ್ಖಾನೆ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಹಾಗಾಗಿ ಹಳೇ ಗಾಡಿ ಕಡಿಮೆ ದುಡ್ಡಿಗೆ ಸಿಕ್ಕಿತು, ಆದರೆ ಒಂದು ಬಿಡಿಭಾಗಕ್ಕೂ ನಾನು ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ತಿರುಗುತ್ತೇನೆ.

ಕೊಳ್ಳುವಾಗ ಹೊಸ ಪೇಂಟ್ ನೋಡಿ ಮರುಳಾದೆ. ನಾನು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರು. ಸೆಲ್ಫ್ ಒಂದೇ ಸಲ ಹೊಡೆದಿದ್ದಕ್ಕೆ ಸ್ಟಾರ್ಟ್ ಆಯಿತು! ಮನೆಗೆ ತಂದ ಮರುದಿನ, ತಣ್ಣಗಿರುವಾಗ, ಜಪ್ಪಯ್ಯ ಅಂದರೂ ಆಗಲಿಲ್ಲ. ನೀವು ಹೋದರೆ ಮೊದಲು ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಆಯಿಲ್ ಕಡ್ಡಿ ತೆಗೆಯಿರಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಸುಮ್ನೆ ವಾಪಸ್ ಬನ್ನಿ.

ಇನ್ನು ನನ್ನದೇ ತಪ್ಪು ಕೇಳಿ. ಹೋದ ಬೇಸಿಗೆ ಉಳುವಾಗ ಕಪ್ಪು ಹೊಗೆ, ಏರು ಸಿಕ್ಕರೆ ಉಸಿರೇ ಇಲ್ಲ. ನಾನು ಡೀಸೆಲ್ ಪಂಪ್ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಮೇಸ್ತ್ರಿ ಬಂದವರು ಪಂಪ್ ಮುಟ್ಟಲೇ ಇಲ್ಲ. ಎಂಜಿನ್‌ಗೆ ಹೋಗುವ ಗಾಳಿಯ ಧೂಳನ್ನು ಆಯಿಲ್‌ನಲ್ಲಿ ಹಿಡಿಯುವ ಏರ್ ಕ್ಲೀನರ್ ಕೆಳಗಿನ ಬಟ್ಟಲು ಬಿಚ್ಚಿ ನನ್ನ ಮುಂದೆ ಹಿಡಿದರು. ಆಯಿಲ್ ಇರಬೇಕಾದ ಕಡೆ ಕೆಂಪು ಮಣ್ಣಿನ ಮುದ್ದೆ! "ಸಾರ್, ಮೂಗು ಕಟ್ಟಿದರೆ ನೀವು ಓಡ್ತೀರಾ?" ಅಂದರು. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಈಗ ಧೂಳಿನ ಕೆಲಸ ಇದ್ದ ದಿನ ಮೊದಲು ಈ ಬಟ್ಟಲು. ನೋಡಿ, ಕ್ಲಿಪ್ ಬಿಚ್ಚಿದೆ. ಕೆಸರು ಚೆಲ್ಲಿ, ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಗುರುತಿನವರೆಗೆ ಮಾತ್ರ ಹೊಸ ಆಯಿಲ್. ಜಾಸ್ತಿ ಸುರಿದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ಅವರ್ ಮೀಟರ್ ಕೆಟ್ಟಿದೆ, ಅದಕ್ಕೆ ಓಡಿಸಿದ ಗಂಟೆಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ.

ಸರಿ, ಕಲ್ಟಿವೇಟರ್ ಕಟ್ಟಬೇಕು. ಇನ್ನು ಧೂಳು ಏಳುತ್ತದೆ. ಕ್ಯಾಮೆರಾ ಒಳಗಿಡುತ್ತೇನೆ, ಪಾಪ, ಇದಕ್ಕೆ ಆಯಿಲ್ ಬಟ್ಟಲು ಇಲ್ಲ.