‘ಹೊಟ್ಟೆನೋವು’ ಎಂದಷ್ಟೇ ಬರೆದರೆ ಸಾಲದು

ಕೇಳುಗರಿಗೆ ನಮಸ್ಕಾರ.

ಕೇಸ್ ಶೀಟಿನಲ್ಲಿ ರೋಗನಿರ್ಣಯದ ಜಾಗದಲ್ಲಿ ‘ಹೊಟ್ಟೆನೋವು’ ಎಂದು ಬರೆದು, ಕೆಳಗೆ ಸಹಿ ಹಾಕಿದ್ದಾರೆ ಅನ್ನಿ. ಆ ಕಡತ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಬರುತ್ತದೆ. ಅಲ್ಲಿ ಕುಳಿತು, ವೈದ್ಯರು ಬರೆದ ರೋಗಕ್ಕೆ ತಕ್ಕ ಸಂಖ್ಯೆ ಅಂದರೆ ಕೋಡ್ ಹಾಕುವ ಕೋಡರ್‌ಗೆ ಉಳಿಯುವ ದಾರಿ ಒಂದೇ: ಆರ್ 10.4, ಅಂದರೆ ಇತರ ಹಾಗೂ ನಿರ್ದಿಷ್ಟಪಡಿಸದ ಹೊಟ್ಟೆನೋವು. ರೋಗಿ ಬೆರಳಿಟ್ಟು ತೋರಿಸಿದ ಜಾಗ, ವೈದ್ಯರು ಒತ್ತಿ ನೋಡಿ ಕಂಡುಕೊಂಡದ್ದು ಎಲ್ಲವೂ ಅಲ್ಲಿಗೆ ಕಳೆದುಹೋಯಿತು. ಕೋಡರ್ ಎಷ್ಟೇ ಅನುಭವಿಯಾಗಿರಲಿ, ಬರೆಯದೇ ಇರುವುದನ್ನು ಊಹಿಸಿ ಕೋಡ್ ಹಾಕುವ ಹಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿ, ನಾವೆಲ್ಲ ಐಸಿಡಿ-10 ಅನ್ನುವುದು, 1990ರಲ್ಲಿ ಅಂಗೀಕಾರವಾಯಿತು. ಅದರಲ್ಲಿ ಆರ್ ಅಕ್ಷರದ ಅಧ್ಯಾಯ ರೋಗಲಕ್ಷಣಗಳದು. ಹೊಟ್ಟೆ ಮತ್ತು ವಸ್ತಿಕುಹರದ, ಅಂದರೆ ಸೊಂಟದ ಮೂಳೆಗಳ ನಡುವಿನ ಭಾಗದ, ನೋವಿಗೆ ಸಿಕ್ಕಿರುವ ಸಂಖ್ಯೆ ಆರ್ 10. ಅದರ ಒಳವಿಂಗಡಣೆಗೆ ಆಧಾರ ಮುಖ್ಯವಾಗಿ ನೋವಿನ ಜಾಗ. ಮೇಲ್ಹೊಟ್ಟೆಯಾದರೆ 10.1, ವಸ್ತಿಕುಹರವಾದರೆ 10.2, ಕೆಳಹೊಟ್ಟೆಯ ಉಳಿದ ಭಾಗವಾದರೆ 10.3. ಮೂಲ ಆವೃತ್ತಿ ಎಡ-ಬಲ ಕೇಳುವುದಿಲ್ಲ. ಅಮೆರಿಕ 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ತನ್ನದೇ ಪರಿಷ್ಕೃತ ರೂಪದಲ್ಲಿ ಅದನ್ನೂ ಕೇಳುತ್ತಾರೆ: ಬಲ ಮೇಲ್ಭಾಗ 10.11, ಎಡ ಮೇಲ್ಭಾಗ 10.12, ಎದೆಗೂಡಿನ ಕೆಳಗಿನ ಗುಳಿ 10.13, ಬಲ ಕೆಳಭಾಗ 10.31, ಎಡ ಕೆಳಭಾಗ 10.32. ಹೊಕ್ಕುಳ ಸುತ್ತಲಿನ ನೋವನ್ನು ಯಾಕೋ ಕೆಳಹೊಟ್ಟೆಯ ಗುಂಪಿಗೆ ಸೇರಿಸಿ 10.33 ಕೊಟ್ಟಿದ್ದಾರೆ. ಹೊಸಬರು ಅದನ್ನು ಹುಡುಕುತ್ತಾ ಮೇಲ್ಹೊಟ್ಟೆಯ ಸಾಲಿನಲ್ಲೇ ಸುತ್ತುತ್ತಿರುತ್ತಾರೆ. ಕೋಲಿಕ್‌ಗೆ, ಅಂದರೆ ಅಲೆಅಲೆಯಾಗಿ ಹಿಂಡಿ ಬರುವ ನೋವಿಗೆ, ಇರುವ 10.83 ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಆ ರೂಪದಲ್ಲಿ ಅದು ಹನ್ನೆರಡು ತಿಂಗಳೊಳಗಿನ ಕೂಸುಗಳಿಗೆ. ದೊಡ್ಡವರ ಕೋಲಿಕ್‌ ಹೋಗಬೇಕಾದದ್ದು 10.84ಕ್ಕೆ.

ಇನ್ನು ಆರ್ 10.0, ಅಕ್ಯೂಟ್ ಅಬ್ಡೊಮೆನ್. ಅತಿ ಹೆಚ್ಚು ದುರ್ಬಳಕೆಯಾಗುವ ಕೋಡ್ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ‘ನಿನ್ನೆಯಿಂದ ಶುರುವಾದ ನೋವು’ ಎಂದು ಬರೆದಿದ್ದರೆ ಅದು ಅಕ್ಯೂಟ್, ಅಂದರೆ ಇತ್ತೀಚೆಗೆ ಶುರುವಾದ, ನೋವು, ನಿಜ. ಆದರೆ ಅಕ್ಯೂಟ್ ಅಬ್ಡೊಮೆನ್ ಅಲ್ಲ. ಆ ಕೋಡ್ ಇರುವುದು ತೀವ್ರವಾದ ನೋವಿಗೆ. ಹೊಟ್ಟೆ ಹಲಗೆಯಂತೆ ಬಿಗಿದಿರುವುದೂ ಇದರೊಳಗೇ ಬರುತ್ತದೆ. ಹಾಗಾಗಿ ವೈದ್ಯರು ನೋವು ಯಾವಾಗ ಶುರುವಾಯಿತು ಎಂಬುದನ್ನೂ ಎಷ್ಟು ತೀವ್ರವಾಗಿದೆ ಎಂಬುದನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಕೋಡ್ ಹುಡುಕುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಐಸಿಡಿಯ ಅಕಾರಾದಿ ಸೂಚಿಯಲ್ಲಿ ನೋವು ಎಂಬ ಮುಖ್ಯ ಪದ, ಅದರಡಿ ಹೊಟ್ಟೆ, ಅದರಡಿ ಜಾಗ. ಸಿಕ್ಕ ಸಂಖ್ಯೆಯನ್ನು, ಕೋಡ್‌ಗಳು ಸಂಖ್ಯೆಯ ಕ್ರಮದಲ್ಲಿರುವ ಕೋಷ್ಟಕ ಪಟ್ಟಿಯಲ್ಲಿ ತೆರೆದು, ಆ ಕೋಡ್‌ಗೆ ಏನು ಸೇರುವುದಿಲ್ಲ ಎಂದು ಹೇಳುವ ‘ಹೊರಗಿಡುವ ಟಿಪ್ಪಣಿ’ಗಳನ್ನು ಓದಬೇಕು. ಸೂಚಿಯಲ್ಲೇ ನಿಂತುಬಿಟ್ಟರೆ, ಮೂತ್ರಪಿಂಡದ ಕೋಲಿಕ್‌ಗೆ ಎನ್ 23 ಎಂಬ ಪ್ರತ್ಯೇಕ ಕೋಡ್ ಇರುವುದು ಕಣ್ಣಿಗೇ ಬೀಳುವುದಿಲ್ಲ. ರೋಗಿ ಗರ್ಭಿಣಿಯಾಗಿದ್ದರೆ ಆರ್ ಅಧ್ಯಾಯಕ್ಕಿಂತ ಮೊದಲು ಗರ್ಭಧಾರಣೆ, ಹೆರಿಗೆಗಳ ಓ ಅಧ್ಯಾಯ ತೆರೆಯಬೇಕು. ಕೊನೆಯ ಮುಟ್ಟಿನ ದಿನಾಂಕ ಬರೆಯದ ಕೇಸ್ ಶೀಟ್ ಚಿಕಿತ್ಸೆಗೂ ಅಪಾಯ, ಕೋಡಿಂಗಿಗೂ ಕಷ್ಟ.

ಈಗ ನಿಜವಾಗಿ ತೊಡಕಿರುವ ಜಾಗಕ್ಕೆ ಬರೋಣ. ಬಲ ಕೆಳಹೊಟ್ಟೆಯ ನೋವು, ವಾಂತಿ, ಸಣ್ಣ ಜ್ವರ. ವೈದ್ಯರು ‘ಅಪೆಂಡಿಸೈಟಿಸ್ ಶಂಕೆ’ ಎಂದು, ಅಂದರೆ ಕರುಳಿನ ಬಾಲ ಅಪೆಂಡಿಕ್ಸ್‌ನ ಉರಿಯೂತ ಇರಬಹುದೆಂದು, ಬರೆಯುತ್ತಾರೆ. ಆ ‘ಶಂಕೆ’ಗೆ ಏನು ಕೋಡ್? ಅಮೆರಿಕದ ನಿಯಮದಲ್ಲಿ ಹೊರರೋಗಿಗೆ ಶಂಕೆಯನ್ನು ಕೋಡ್ ಮಾಡುವಂತೆಯೇ ಇಲ್ಲ; ಖಚಿತವಾಗಿ ಗೊತ್ತಿರುವ ಲಕ್ಷಣವನ್ನು, ಅಂದರೆ 10.31 ಅನ್ನು, ಹಾಕಬೇಕು. ಅದೇ ನಿಯಮದಲ್ಲಿ ದಾಖಲಾದ ಒಳರೋಗಿ ಬಿಡುಗಡೆಯಾಗುವಾಗಲೂ ಶಂಕೆ ಉಳಿದಿದ್ದರೆ, ರೋಗ ಇದ್ದಂತೆಯೇ ಕೋಡ್ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಲ್ಲೂ ಚಿಕಿತ್ಸೆಯ ಕೊನೆಗೆ ‘ಶಂಕೆ’ ಎಂದೇ ಉಳಿದು ಬೇರೆ ಮಾಹಿತಿ ಇಲ್ಲದಿದ್ದರೆ ಅದನ್ನು ಖಚಿತ ರೋಗದಂತೆ ಕೋಡ್ ಮಾಡಬೇಕಾಗುತ್ತದೆ. ಆದ್ದರಿಂದಲೇ ಅದೇ ಸಂಸ್ಥೆ ವೈದ್ಯರಿಗೆ ಹೇಳುವುದು: ರೋಗ ಸ್ಥಾಪಿತವಾಗದಿದ್ದರೆ ‘ಬಹುಶಃ’, ‘ಇರಬಹುದು’ ಎಂದು ಬರೆಯುವ ಬದಲು ಲಕ್ಷಣವನ್ನೇ ಬರೆಯಿರಿ.

ಇದನ್ನು ಗುಮಾಸ್ತಗಿರಿಯ ಗೊಣಗಾಟ ಎಂದು ತಳ್ಳಿಹಾಕುವವರಿದ್ದಾರೆ. ಅವರ ರೋಗಿಗೆ ಇರದ ಅಪೆಂಡಿಸೈಟಿಸ್ ದಾಖಲೆಯಲ್ಲಿ ಅಂಟಿಕೊಂಡು, ಮುಂದೆ ವಿಮೆ ಕೇಳುವಾಗಲೋ ಇನ್ನೊಂದು ಆಸ್ಪತ್ರೆಗೆ ಹೋದಾಗಲೋ ಎದುರು ಬಂದು ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಪೆಂಡಿಸೈಟಿಸ್ ಖಚಿತವಾಯಿತು ಅನ್ನಿ, ಆಗ ಆ ರೋಗದ ಕೋಡ್ ಕೆ 35 ಹಾಕಿ ಹೊಟ್ಟೆನೋವಿನ ಕೋಡನ್ನು ತೆಗೆಯಬೇಕು. ನೋವು ಆ ರೋಗದ ಅಂಗವೇ. ಎರಡನ್ನೂ ಹಾಕಿದರೆ ತಪ್ಪು. ನೋವಿಗೂ ಖಚಿತವಾದ ರೋಗಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಬರೆದಿದ್ದರೆ ಮಾತ್ರ ಎರಡೂ ನಿಲ್ಲುತ್ತವೆ.

ಸ್ಕ್ಯಾನ್ ವರದಿ ಇನ್ನೊಂದು ಬಲೆ. ನೋವು ಎಡ ಕೆಳಭಾಗದಲ್ಲಿ, ವರದಿಯಲ್ಲಿ ಪಿತ್ತಕೋಶದ ಕಲ್ಲು. ಕೋಡರ್ ವರದಿ ನೋಡಿ ನೋವಿಗೆ ಕಾರಣವೆಂದು ಪಿತ್ತದ ಕಲ್ಲಿನ ಕೋಡ್ ಕೆ 80 ಹಾಕುವಂತಿಲ್ಲ. ಆ ಕಲ್ಲಿಗೂ ಈ ನೋವಿಗೂ ನಂಟಿದೆಯೇ ಎಂದು ಹೇಳಬೇಕಾದವರು ಚಿಕಿತ್ಸೆ ಮಾಡುವ ವೈದ್ಯರು. ಪಿತ್ತಕೋಶವನ್ನೇ ತೆಗೆಸಿಕೊಂಡವರ ಕಡತದಲ್ಲಿ ‘ಪಿತ್ತಕೋಶದ ಕಲ್ಲು’ ವರ್ಷಗಟ್ಟಲೆ ನಕಲಾಗುತ್ತಾ ಬರುವುದೂ ಉಂಟು. ಹಳೆಯ ಟಿಪ್ಪಣಿಯನ್ನು ಕಾಪಿ ಮಾಡಿ ಅಂಟಿಸುವ ಅಭ್ಯಾಸದ ಫಲ ಅದು. ಒಂದೇ ದಿನದ ಕಡತದಲ್ಲಿ ಒಬ್ಬರು ‘ಹೊಟ್ಟೆ ಮೃದು’ ಎಂದೂ ಇನ್ನೊಬ್ಬರು ‘ಬಿಗಿ’ ಎಂದೂ ಬರೆದಿದ್ದರೆ, ಎರಡರ ಪಕ್ಕ ಸಮಯವೂ ಇಲ್ಲದಿದ್ದರೆ, ಯಾವುದನ್ನು ನಂಬುವುದು?

ಹಾಗಾದರೆ ವೈದ್ಯರ ಟಿಪ್ಪಣಿಯಲ್ಲಿ ಏನೇನಿರಬೇಕು? ಜಾಗ ಮತ್ತು ಬದಿ. ಶುರುವಾದ ದಿನ, ಗಂಟೆ. ಹಿಂಡುವ ನೋವೋ, ಉರಿಯೋ, ಬಿಟ್ಟು ಬಿಟ್ಟು ಬರುವುದೋ. ಬೆನ್ನಿಗೆ, ಭುಜಕ್ಕೆ, ತೊಡೆಸಂದಿಗೆ ಹರಡುತ್ತದೆಯೇ. ಹತ್ತರಲ್ಲಿ ಎಷ್ಟು, ಔಷಧಿ ಕೊಟ್ಟ ಮೇಲೆ ಎಷ್ಟು. ವಾಂತಿ, ಜ್ವರ, ಮೂತ್ರದ ಉರಿ, ಮಲ-ವಾಯು ಹೋಗುತ್ತಿದೆಯೇ. ಇಲ್ಲದಿದ್ದರೆ ‘ಇಲ್ಲ’ ಎಂದೂ ಬರೆಯಬೇಕು, ಖಾಲಿ ಬಿಟ್ಟ ಜಾಗ ‘ಇಲ್ಲ’ ಎಂದಾಗುವುದಿಲ್ಲ. ಹಿಂದಿನ ಶಸ್ತ್ರಚಿಕಿತ್ಸೆ, ನುಂಗುತ್ತಿರುವ ನೋವಿನ ಮಾತ್ರೆ. ಪರೀಕ್ಷೆಯಲ್ಲಿ ಒತ್ತಿದಾಗ ನೋವು, ಒತ್ತಿ ಕೈಬಿಟ್ಟಾಗ ನೋವು, ಬಿಗಿತ. ರೋಗಿ ಹೇಳುವ ನೋವು ಬೇರೆ, ವೈದ್ಯರು ಒತ್ತಿದಾಗ ಬರುವ ನೋವು ಬೇರೆ. ಅಮೆರಿಕದ ರೂಪದಲ್ಲಿ ಎರಡನೆಯದಕ್ಕೆ 10.81, ಕೈಬಿಟ್ಟಾಗಿನದಕ್ಕೆ 10.82 ಎಂಬ ಪ್ರತ್ಯೇಕ ಸಾಲುಗಳೇ ಇವೆ.

ಮಾಹಿತಿ ಸಾಲದಿದ್ದರೆ ಕೋಡರ್ ವೈದ್ಯರನ್ನು ಲಿಖಿತವಾಗಿ ಕೇಳಬೇಕು. ಕೇಳುವ ರೀತಿಯೂ ಮುಖ್ಯ. ‘ಪಿತ್ತಕೋಶದ ಉರಿಯೂತ ಎಂದು ಬರೆಯಲೇ?’ ಎಂದು ಕೇಳಿದರೆ ಉತ್ತರವನ್ನು ಬಾಯಿಗೆ ತುರುಕಿದಂತೆ. ‘ಜ್ವರವಿದೆ, ಸ್ಕ್ಯಾನಿನಲ್ಲಿ ಪಿತ್ತಕೋಶದ ಗೋಡೆ ದಪ್ಪವಾಗಿದೆ, ಆಂಟಿಬಯೋಟಿಕ್ ಕೊಟ್ಟಿದ್ದೀರಿ, ಇವು ಯಾವ ರೋಗನಿರ್ಣಯಕ್ಕೆ ಸಂಬಂಧಿಸಿವೆ, ಅಥವಾ ನಿರ್ಧರಿಸಲು ಸಾಧ್ಯವಿಲ್ಲವೇ?’ ಎಂದು ಕೇಳಬೇಕು. ಬಂದ ಉತ್ತರವನ್ನು ಹಳೆಯ ಸಾಲನ್ನು ಅಳಿಸಿ ಅದರ ಮೇಲೆ ಬರೆಯಬಾರದು. ಅಂದಿನ ದಿನಾಂಕ, ಸಮಯ, ಸಹಿಯೊಂದಿಗೆ ಪೂರಕ ಟಿಪ್ಪಣಿಯಾಗಿ ಸೇರಿಸಬೇಕು. ಕೋಡ್ ಬದಲಾಗುವುದು ಆಮೇಲೆ. ನಮಸ್ಕಾರ.